ಮಂಚದ ಕೆಳಗೆ ಹದಿನಾಲ್ಕು ಇಂಚು

ಮಂಚದ ಕೆಳಗೆ ಹದಿನಾಲ್ಕು ಇಂಚು ಎತ್ತರದ ಜಾಗವಿದೆಯೆಂದು ಮಗಳ ಹಾಸ್ಟೆಲಿನಿಂದ ಬಂದ ಕಾಗದದಲ್ಲಿ ಬರೆದಿತ್ತು. ಅವನು ಅದನ್ನು ನಂಬಲಿಲ್ಲ. ಇಪ್ಪತ್ತಾರು ವರ್ಷದಿಂದ ಕಂಡವರ ಮನೆ ಸಾಮಾನು ಕಟ್ಟುತ್ತಿರುವವನಿಗೆ ಜನ ಬಾಯಲ್ಲಿ ಹೇಳುವ ಅಳತೆಯ ಮೇಲೆ ನಂಬಿಕೆ ಉಳಿದಿರುವುದಿಲ್ಲ. ಬಾಗಿಲು ಮೂರಡಿ ಅನ್ನುತ್ತಾರೆ, ಟೇಪು ಹಿಡಿದರೆ ಎರಡು ಅಡಿ ಒಂಬತ್ತು ಇಂಚು, ಬೀರು ಅಲ್ಲಿಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಹನ್ನೆರಡು ಇಂಚು ಎತ್ತರದ ತಗಡಿನ ಟ್ರಂಕನ್ನೇ ಹುಡುಕಿ ತಂದಿದ್ದ. ಕಾಗದದಲ್ಲಿ ಇನ್ನೂ ಇತ್ತು. ಕೋಣೆ ಹನ್ನೆರಡು ಅಡಿಗೆ ಹತ್ತು, ನಾಲ್ಕು ಮಂಚ, ಒಬ್ಬೊಬ್ಬರಿಗೆ ಗೋಡೆಯಲ್ಲಿ ಒಂದು ಹಲಗೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಬಕೆಟ್ಟು, ಅದಕ್ಕಿಂತ ಹೆಚ್ಚು ತಂದರೆ ಗೇಟಿನಿಂದಲೇ ವಾಪಸು. ಉದ್ದದ ಗೋಡೆಗಳಿಗೆ ಎರಡೆರಡು ಮಂಚ ಹಾಕಿದರೆ ಈ ಮೂಲೆಯಿಂದ ಆ ಮೂಲೆಯವರೆಗೆ ಸರಿಯಾಗಿ ತುಂಬಿಹೋಗುತ್ತದೆ, ಒಬ್ಬಳ ತಲೆಗೆ ಇನ್ನೊಬ್ಬಳ ಪಾದ ತಾಗುತ್ತದೆ ಎಂದು ಅವನು ಮನಸ್ಸಿನಲ್ಲೇ ಅಳೆದು ನೋಡಿದ್ದ. ಕೊನೆಯ ಸಾಲು, ಗಂಡಸರಿಗೆ ಗೇಟಿನಿಂದ ಒಳಗೆ ಪ್ರವೇಶವಿಲ್ಲ. ಅದರಲ್ಲಿ ಹೊಸದೇನೂ ಇರಲಿಲ್ಲ. ಅವರ ಕಂಪನಿಯಲ್ಲಿ ಕಟ್ಟುವ ತಂಡ ಬೇರೆ, ಬಿಚ್ಚುವ ತಂಡ ಬೇರೆ. ಅವನು ಕಟ್ಟಿದ ಯಾವ ಪೆಟ್ಟಿಗೆಯೂ ಹೋದ ಮನೆಯಲ್ಲಿ ಬಿಚ್ಚಿಕೊಂಡದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಜೊತೆಗಾರ ಉದ್ದಣ್ಣ ಹೇಳುವುದುಂಟು, "ಬಿಚ್ಚೋವಾಗ ಅವರು ಬೈಯೋದು ನಮ್ಮ ಕಿವಿಗೆ ಬೀಳಲ್ಲ ನೋಡು, ಅದೇ ನಮ್ಮ ಪುಣ್ಯ."

ಭಾನುವಾರ, ಬೆಳಗಿನ ಹತ್ತು ಗಂಟೆ. ಮೂರಕ್ಕೆ ಉದ್ದಣ್ಣ ಕಂಪನಿಯ ಸಣ್ಣ ವ್ಯಾನು ತಂದು ತಾಯಿ ಮಗಳನ್ನು ಬಸ್ ನಿಲ್ದಾಣಕ್ಕೆ ಬಿಡುವುದೆಂದು ಮಾತಾಗಿತ್ತು. ಟ್ರಂಕು ಮಗಳ ಕೋಣೆಯ ನಡುವೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಯ್ಯಬೇಕಾದದ್ದನ್ನೆಲ್ಲ ಮಗಳು ಮಂಚದ ಮೇಲೆ ಸಾಲಾಗಿ ಹರಡಿ, ಕೈಯಲ್ಲಿ ಪಟ್ಟಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದಳು. ಅವನು ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ, ಹೊಸ ಗಿರಾಕಿಯ ಮನೆಗೆ ಹೋದಾಗ ಬಾಗಿಲಲ್ಲಿ ನಿಂತು ನೋಡುವಂತೆ. ಮನುಷ್ಯರು ಏನು ಒಯ್ಯುತ್ತಾರೆ ಎನ್ನುವುದರಿಂದ ಅವರು ತಿರುಗಿ ಬರುತ್ತಾರೋ ಇಲ್ಲವೋ ಹೇಳಬಹುದು. ವರ್ಷದ ಮಟ್ಟಿಗೆ ಹೋಗುವವರು ಒಳ್ಳೆಯದನ್ನು ಒಯ್ದು ಕೆಟ್ಟದ್ದನ್ನು ಬಿಡುತ್ತಾರೆ. ಹಳೇ ಚಪ್ಪಲಿ, ಕೈಹಿಡಿ ಮುರಿದ ಕೊಡೆ, ಬಿಗಿಯಾದ ಅಂಗಿ, ಎಲ್ಲ ಮನೆಯಲ್ಲೇ ಇರಲಿ, ಬಂದಾಗ ನೋಡೋಣ. ಬರದಿರಲು ಹೋಗುವವರು ಕೆಲಸಕ್ಕೆ ಬಾರದ್ದನ್ನೂ ಒಯ್ಯುತ್ತಾರೆ. ಮಂಚದ ಮೇಲೆ ಬಟ್ಟೆ, ಪುಸ್ತಕ, ಟವೆಲುಗಳ ಜೊತೆಗೆ ಮೂರನೇ ತರಗತಿಯ ಓಟದ ಪಂದ್ಯದ ಪ್ರಶಸ್ತಿಪತ್ರವಿತ್ತು. ಮುಚ್ಚಳವಿಲ್ಲದ ಕಂಪಾಸ್ ಡಬ್ಬಿಯಿತ್ತು. ಮಗುವಾಗಿದ್ದಾಗ ತೊಟ್ಟ, ಒಂದು ಕಿವಿ ಕಿತ್ತುಹೋದ ಉಣ್ಣೆಯ ಟೊಪ್ಪಿಯಿತ್ತು. ಗೋಡೆಯ ಕನ್ನಡಿಯನ್ನು ಇಳಿಸಿ ಟವೆಲಿನಲ್ಲಿ ಸುತ್ತಿದ್ದಳು. ಅದು ತೂಗುತ್ತಿದ್ದ ಜಾಗಕ್ಕೆ ಅವನ ಕಣ್ಣು ಹೋಯಿತು. ಮೊಳೆಯನ್ನೂ ಕಿತ್ತಿದ್ದಳು. ತೂತಿಗೆ ಸಾಬೂನು ಮೆತ್ತಿ ಒರೆಸಿದ್ದಳು. ಮನೆ ಖಾಲಿ ಮಾಡುವವರು ಮಾಡುವ ಕೆಲಸ ಅದು. ಅದನ್ನು ಅವಳಿಗೆ ಹೇಳಿಕೊಟ್ಟವನೂ ಅವನೇ ಇರಬೇಕು, ಯಾವುದೋ ರಾತ್ರಿ ಊಟದ ಹೊತ್ತಿಗೆ, ನಗುನಗುತ್ತ.

"ಮೂವತ್ತೇಳು," ಎಂದಳು ಮಗಳು, ಪಟ್ಟಿಯಿಂದ ತಲೆ ಎತ್ತದೆ. "ಹಾಸಿಗೆ ಬಕೆಟ್ ಬಿಟ್ಟು."

"ಟೊಪ್ಪಿ ಯಾಕೆ? ತಲೆಗೆ ಹಿಡಿಸುತ್ತಾ?"

"ಜಾಗ ತಿನ್ನಲ್ವಲ್ಲ. ಇರ್ಲಿ."

ಇಸ್ತ್ರಿ ಮಾಡಿದ ಬಟ್ಟೆಯ ಪೇರಿಕೆಯನ್ನು ಗಲ್ಲಕ್ಕೆ ಒತ್ತಿಕೊಂಡು ಹೆಂಡತಿ ಒಳಗೆ ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು; ಅವಳು ಇಸ್ತ್ರಿ ಹಾಕಿದ ಬಟ್ಟೆಯ ಅಂಚು ಕಾಗದದ ಹಾಗಿರುತ್ತದೆ. "ಅಲ್ರೀ, ಊರವರ ಮನೇನೆಲ್ಲ ಅರ್ಧ ದಿನದಲ್ಲಿ ಕಟ್ಟಿ ಲಾರಿಗೆ ಹಾಕ್ತೀರ. ಒಂದು ಟ್ರಂಕಿಗೆ ಬೆಳಗ್ಗಿಂದ ಸುತ್ತು ಬರ್ತಿದೀರಲ್ಲ. ಅದೇನು ಕಚ್ಚುತ್ತಾ?" ಎಂದಳು. ಪೇರಿಕೆಯನ್ನು ಇಟ್ಟು ಮಗಳ ಕಡೆ ತಿರುಗಿ, "ಡಿಸೆಂಬರಲ್ಲಿ ರಜ ಅಂತಲ್ಲ, ಈ ದಪ್ಪ ಸ್ವೆಟರ್ ಆಗ ಒಯ್ಯೇ," ಎಂದಳು.

"ರಜೇಲೂ ಲೈಬ್ರರಿ ತೆಗ್ದಿರುತ್ತಂತೆ ಅಮ್ಮ. ಹಾಸ್ಟೆಲಲ್ಲೇ ಇರಬಹುದಂತೆ."

"ಇರಬಹುದು ಅಂದ್ರೆ ಇರಲೇಬೇಕು ಅಂತಾನಾ?"

ಮಗಳು ಸ್ವೆಟರನ್ನು ಎತ್ತಿ ಸಾಲಿನಲ್ಲೇ ಇಟ್ಟಳು. ಹೆಂಡತಿ ಅವನ ಮುಖ ನೋಡಿದಳು. ಅವನು ಬಗ್ಗಿ ಟ್ರಂಕಿನ ತಳಕ್ಕೆ ಹಳೇ ಪತ್ರಿಕೆ ಹಾಸತೊಡಗಿದ, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ. ಒಂದು ಮಾತು ಹೇಳಬೇಕಿತ್ತು. ಎರಡೂವರೆ ವರ್ಷದಿಂದ ಹೇಳಬೇಕಿತ್ತು. ಇವತ್ತು ಮೂರು ಗಂಟೆಯ ಒಳಗೆ ಹೇಳದಿದ್ದರೆ ಇನ್ನು ಹೇಳುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲ ಎನ್ನುವುದು ಅವನಿಗೆ ಆ ಮೊಳೆಯ ತೂತನ್ನು ನೋಡಿದಾಗಲೇ ಗೊತ್ತಾಗಿತ್ತು. ಹೇಳಿದರೆ ಅವಳು ತಿರುಗಿ ಬರುತ್ತಾಳೆ ಎಂದೇನೂ ಅಲ್ಲ. ಆದರೆ ಹೇಳದೆ ಹೋದರೆ, ಬಾ ಎಂದು ಕರೆಯುವ ಬಾಯಿ ಅವನಿಗೆ ಇರುವುದಿಲ್ಲ. ಹೆಂಡತಿ ಹೊರಗೆ ಹೋದಳು. ಪತ್ರಿಕೆಯ ಹಾಳೆ ಅಂಗೈಗೆ ಕರ್ರಗೆ ಹತ್ತಿಕೊಂಡಿತು. ಎರಡೂವರೆ ವರ್ಷದ ಹಿಂದೆ ಸಾಮಾನು ಕಟ್ಟಲು ಹೋಗಿದ್ದ ಹಲ್ಲಿನ ಡಾಕ್ಟರ ಮನೆಯಲ್ಲೂ ಹೀಗೇ ಹತ್ತಿಕೊಂಡಿತ್ತು, ಅವನು ಬಚ್ಚಲಲ್ಲಿ ಕೈ ತೊಳೆದು ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತಿದ್ದಾಗ ಡಾಕ್ಟರ ಹೆಂಡತಿ ಹೊರಗಿನಿಂದ ಕೇಳಿದ್ದರು, ಇಲ್ಲಿ ಬೇಸಿನ್ ಮೇಲೆ ನನ್ನ ವಾಚಿತ್ತಲ್ಲ, ಯಾರಾದರೂ ನೋಡಿದಿರಾ?

ದೊಡ್ಡ ಮನೆ, ಎಪ್ಪತ್ತೆರಡು ಪೆಟ್ಟಿಗೆಯಾಗಿತ್ತು. ಪಟ್ಟಿ ಬರೆಯುವವನು ಜ್ವರವೆಂದು ರಜೆ ಹಾಕಿದ್ದರಿಂದ, ಹತ್ತನೇ ತರಗತಿಯ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದ ಮಗಳನ್ನು ಅವನೇ ಮೇಸ್ತ್ರಿಯ ಹತ್ತಿರ ಕೇಳಿ ಕರೆದುಕೊಂಡು ಹೋಗಿದ್ದ. ಅವಳ ಅಕ್ಷರ ಮುತ್ತಿನಂತಿತ್ತು, ಅದನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಅವನಿಗೆ. ಡಾಕ್ಟರ ಮಗಳು ಅವಳ ತರಗತಿಯವಳೇ ಎನ್ನುವುದು ಅಲ್ಲಿ ಹೋದ ಮೇಲೆ ತಿಳಿಯಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಬಿಸ್ಕತ್ತಿನ ಪೊಟ್ಟಣದಿಂದ ತಿಂದಿದ್ದನ್ನು ಅವನು ಹಾದುಹೋಗುವಾಗ ನೋಡಿ ಖುಷಿಪಟ್ಟಿದ್ದ. ನಾಲ್ಕು ಗಂಟೆಗೆ ವಾಚಿನ ಮಾತು ಬಂತು. ಮೇಸ್ತ್ರಿ ಕೆಲಸಕ್ಕೆ ಬಂದಿದ್ದ ಆರೂ ಜನರನ್ನು ಹಜಾರದಲ್ಲಿ ನಿಲ್ಲಿಸಿದ. ಡಾಕ್ಟರು ಸಂಕೋಚದಿಂದ, "ಅಯ್ಯೋ, ಯಾರ ಮೇಲೂ ಅನುಮಾನ ಅಲ್ಲಪ್ಪ, ಸುಮ್ನೆ ಒಂದ್ಸಲ ನೆನಪು ಮಾಡ್ಕೊಳ್ಳಿ," ಎಂದರು. ಮಗಳ ಹೆಸರನ್ನು ಯಾರೂ ಎತ್ತಿರಲಿಲ್ಲ. ಅವಳ ಕಡೆ ಯಾರೂ ತಿರುಗಿ ನೋಡಿರಲಿಲ್ಲ ಕೂಡ. ಅವನೇ, ಯಾರೂ ಕೇಳುವ ಮೊದಲೇ, ಕುರ್ಚಿಯ ಮೇಲಿದ್ದ ಅವಳ ಚೀಲವನ್ನು ಎತ್ತಿ ಜಿಪ್ಪು ಎಳೆದು ನೆಲಕ್ಕೆ ಬೋರಲು ಹಾಕಿದ. "ನೋಡಿ ಸಾರ್, ನೀವೇ ನೋಡಿ. ನಮ್ಮಲ್ಲಿ ಅಂಥದ್ದಿಲ್ಲ." ಊಟದ ಡಬ್ಬಿ ಬಿದ್ದು ಉರುಳಿತು. ಬಾಚಣಿಗೆ ಬಿತ್ತು. ಪತ್ರಿಕೆಯ ತುಂಡಿನಲ್ಲಿ ಸುತ್ತಿದ್ದ ಎರಡು ಪ್ಯಾಡು ಬಿದ್ದು ಸುತ್ತು ಬಿಚ್ಚಿಕೊಂಡಿತು, ಉದ್ದಣ್ಣ ಸೂರಿನ ಕಡೆ ಮುಖ ಮಾಡಿದ. ಒಂದು ನೋಟ್‌ಬುಕ್ಕು ತೆರೆದುಕೊಂಡೇ ಬಿತ್ತು, ಎರಡು ಪುಟದ ತುಂಬ ಅವಳದೇ ಸಹಿ, ಒಂದೊಂದು ಸಲಕ್ಕೆ ಒಂದೊಂದು ಬಗೆ, ಪ್ರತಿಯೊಂದರ ಮೊದಲಿಗೆ 'ಡಾ.' ಎಂದಿತ್ತು. ಡಾಕ್ಟರು ಅದನ್ನು ಎತ್ತಿ ಓದಿ, "ಪರವಾಗಿಲ್ವೇ!" ಎಂದು ನಕ್ಕು ಅವಳ ಕೈಗೆ ಕೊಟ್ಟರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ನಕ್ಕದ್ದು. ಮೆಟ್ಟಿಲ ಮೇಲಿದ್ದ ಅವರ ಮಗಳೂ ನಕ್ಕಳು. ಮಗಳು ನೆಲದಲ್ಲಿ ಕೂತು ಒಂದೊಂದನ್ನೇ ಚೀಲಕ್ಕೆ ತುಂಬಿಕೊಂಡಳು. ಅವಸರ ಮಾಡಲಿಲ್ಲ. ಆಮೇಲೆ ಎದ್ದು, ಐವತ್ತೆಂಟನೇ ಪೆಟ್ಟಿಗೆಯಿಂದ ಪಟ್ಟಿ ಬರೆಯುವುದನ್ನು ಮುಂದುವರಿಸಿದಳು. ಅಕ್ಷರ ಕೆಟ್ಟಿರಲಿಲ್ಲ. ಅದುವರೆಗೆ ಅವನನ್ನು ನೀನು ಎನ್ನುತ್ತಿದ್ದವಳು ಸಂಜೆ ಮನೆಗೆ ಬರುವಾಗ ದಾರಿಯಲ್ಲಿ, "ನಿಮ್ಮ ಹತ್ರ ಬೀಗದಕೈ ಇದೆಯಾ?" ಎಂದಳು.

ಹನ್ನೆರಡನೆಯ ದಿನಕ್ಕೆ ವಾಚು ಸಿಕ್ಕಿತು. ಹೊಸ ಮನೆಯಲ್ಲಿ, ಕಂದು ಬಣ್ಣದ ಎಡಗಾಲಿನ ಶೂವಿನಲ್ಲಿ, ಕಾಲುಚೀಲದ ಒಳಗೆ. ಪೆಟ್ಟಿಗೆಯ ಮೇಲೆ ಅವನ ಗುರುತಿತ್ತು. ಸೂಕ್ಷ್ಮವಾದ ಸಣ್ಣ ಸಾಮಾನನ್ನು ಕಾಲುಚೀಲಕ್ಕೆ ಹಾಕು, ಕಾಲುಚೀಲವನ್ನು ಶೂವಿಗೆ ತುರುಕು, ಶೂ ಮೆತ್ತೆಯೂ ಆಯಿತು ಕವಚವೂ ಆಯಿತು, ಹೊಸಬರಿಗೆಲ್ಲ ಅವನು ಕಲಿಸುವ ಮೊದಲ ಪಾಠವದು. ಹಾಕಿದ ಕೂಡಲೇ ಪಟ್ಟಿಯವರಿಗೆ ಕೂಗಿ ಹೇಳಬೇಕು. ಮಗಳು ಆ ಹೊತ್ತಿಗೆ ಅಡುಗೆಮನೆಯಲ್ಲಿದ್ದಳು. ಬಂದ ಮೇಲೆ ಹೇಳೋಣವೆಂದು ಸುಮ್ಮನಾದವನು ಮರೆತಿದ್ದ. "ಸಿಕ್ತಲ್ಲ, ಬಿಡು ಅತ್ಲಾಗೆ," ಎಂದಿದ್ದ ಮೇಸ್ತ್ರಿ. ಮರೆತಿದ್ದೆನೇ? ಚೀಲವನ್ನು ಬೋರಲು ಹಾಕುವ ಗಳಿಗೆಯಲ್ಲಿ ಅಂಗೈಗೆ ಎಲ್ಲೋ ಒಂದು ತೆಳು ಚರ್ಮದ ಪಟ್ಟಿಯ ನೆನಪು ಇತ್ತೋ ಇಲ್ಲವೋ. ಇದನ್ನು ಅವನು ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದ. ಒಂದು ದಿನ ಇರಲಿಲ್ಲ ಎಂದು ಖಚಿತವಾಗುತ್ತಿತ್ತು. ಮರುದಿನ, ಇದ್ದುದರಿಂದಲೇ ಅಷ್ಟು ಅವಸರ ಮಾಡಿದೆ ಎಂದು ಅಷ್ಟೇ ಖಚಿತವಾಗುತ್ತಿತ್ತು. ಮಗಳಿಗೆ ಹೇಳಬೇಕೆಂದುಕೊಂಡ. ಆರಿದ ಬೂದಿಯನ್ನು ಯಾಕೆ ಕೆದಕುವುದು ಎಂದುಕೊಂಡ. ಪರೀಕ್ಷೆ ಇದೆ, ಮುಗಿಯಲಿ ಎಂದುಕೊಂಡ. ಪರೀಕ್ಷೆ ಮುಗಿದು ಅವಳು ಮೊದಲನೆಯವಳಾಗಿ ಬಂದಾಗ, ಈಗ ಹೇಳಿ ಸಂತೋಷ ಕೆಡಿಸುವುದು ಬೇಡ ಎಂದುಕೊಂಡ. ಒಮ್ಮೆ ಹೆಂಡತಿ ಏನೋ ಮಾತಿಗೆ, "ಕುಂಬಳಕಾಯಿ ಕಳ್ಳ ಅಂದ್ರೆ ಇವರು ಹೆಗಲು ಮುಟ್ಟಿ ನೋಡ್ಕೊಳ್ತಾರೆ," ಎಂದು ನಕ್ಕಾಗ ಅವನು ತಟ್ಟೆ ಬಿಟ್ಟು ಎದ್ದಿದ್ದ. ಯಾಕೆ ಎದ್ದಿರೆಂದು ಯಾರೂ ಕೇಳಲಿಲ್ಲ. ಕೇಳದೇ ಇದ್ದದ್ದು ಅವನಿಗೆ ಆಗ ನೆಮ್ಮದಿಯಾಗಿ ಕಂಡಿತ್ತು.

"ಅಪ್ಪ, ದಿಂಬು ಕೆಳಗೆ ಇಡ್ತಿದೀರ?" ಎಂದಳು ಮಗಳು.

"ಹ್ಞೂಂ. ತಳಕ್ಕೆ ಮೆತ್ತಗಿರ್ಲಿ."

ಅವಳು ಪಟ್ಟಿಯಲ್ಲಿ ಗುರುತು ಹಾಕಿದಳು. ಅವನು ಪುಸ್ತಕಗಳನ್ನು ನಿಲ್ಲಿಸಿ ಇಟ್ಟ, ಒಂದಕ್ಕೊಂದು ತಾಗದಂತೆ. ಬಟ್ಟೆಗಳನ್ನು ಸುರುಳಿ ಸುತ್ತಲಿಲ್ಲ, ಇಸ್ತ್ರಿಯ ಮಡಿಕೆ ಕೆಡುತ್ತದೆಂದು ತನಗೇ ಹೇಳಿಕೊಂಡು ಅಗಲಕ್ಕೆ ಹರಡಿದ. ಒಗೆಯುವ ಪುಡಿಯ ಡಬ್ಬಿಯನ್ನು ಮೂಲೆಗೆ ಒತ್ತದೆ ನಡುವೆ ಕೂರಿಸಿದ. ಶೂಗಳನ್ನು ಹಾಗೆಯೇ ಇಟ್ಟ. ಕೈ ಒಂದೊಂದು ಸಲ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ಇಪ್ಪತ್ತಾರು ವರ್ಷದಲ್ಲಿ ಅವನು ಬೇಕೆಂದು ಕೆಟ್ಟದಾಗಿ ಕಟ್ಟುತ್ತಿರುವುದು ಇದೇ ಮೊದಲು, ಮತ್ತು ಅದು ಚೆನ್ನಾಗಿ ಕಟ್ಟುವುದಕ್ಕಿಂತ ಕಷ್ಟವಾಗಿತ್ತು. ಹನ್ನೊಂದು ಸಾಮಾನು ಉಳಿದಿರುವಾಗ ಟ್ರಂಕು ಅಂಚಿನವರೆಗೆ ತುಂಬಿತು. ಟೊಪ್ಪಿ, ಪ್ರಶಸ್ತಿಪತ್ರ, ಕನ್ನಡಿ, ಸ್ವೆಟರು, ಇನ್ನೇನೇನೋ ಮಂಚದ ಮೇಲೆ ಹಾಗೇ ಇದ್ದವು. ಅವನು ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತ.

"ಹಿಡಿಸಲ್ಲ ಕಣಮ್ಮ. ಇವಿಷ್ಟು ಇಲ್ಲೇ ಇರ್ಲಿ. ಬಂದಾಗ ಒಯ್ದರಾಯ್ತು. ಅಥ್ವಾ ನಾನೇ ತಂದು ಗೇಟಲ್ಲಿ ಕೊಡ್ತೀನಿ, ಎರಡು ತಿಂಗಳಿಗೊಂದ್ಸಲ ಒಂದೊಂದು."

ತಾನು ಆಡಿದ ಕೊನೆಯ ಮಾತು ಅವನಿಗೇ ಕೇಳಿಸಿತು. ಎರಡು ತಿಂಗಳಿಗೊಂದು, ಹನ್ನೊಂದು ಸಾಮಾನು, ಇಪ್ಪತ್ತೆರಡು ತಿಂಗಳು. ಮಗಳು ಪಟ್ಟಿಯನ್ನು ಕಿಟಕಿಯ ಮೇಲಿಟ್ಟು ಬಂದು ಟ್ರಂಕಿನ ಮುಂದೆ ಕೂತಳು. ದಿಂಬಿನ ಮೂಲೆಯನ್ನು ಒತ್ತಿ ನೋಡಿದಳು. ಪುಸ್ತಕಗಳ ನಡುವೆ ನಾಲ್ಕು ಬೆರಳು ಇಳಿಬಿಟ್ಟಳು, ಬೆರಳು ಬುಡದವರೆಗೆ ಹೋಯಿತು. ಶೂ ಎತ್ತಿಕೊಂಡು ಒಳಗೆ ಕೈ ಹಾಕಿದಳು.

"ಶೂ ಖಾಲಿ ಇದೆ," ಎಂದಳು.

ಅವಳು ಕೋಪಿಸಿಕೊಂಡಿದ್ದರೆ ಅವನು ಏನಾದರೂ ಹೇಳುತ್ತಿದ್ದ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಹೊಸ ಹುಡುಗನ ಕೆಲಸವನ್ನು ನೋಡಿ ಮೇಸ್ತ್ರಿ ಹೇಳುವ ಹಾಗೆ ಹೇಳಿದ್ದಳು, ಅಷ್ಟೇ. ಅವನ ಕಿವಿ ಬಿಸಿಯಾಯಿತು. ನಾಲ್ಕು ವರ್ಷದವಳಿದ್ದಾಗಿನಿಂದ ಖಾಲಿ ಪೆಟ್ಟಿಗೆಗಳ ಒಳಗೇ ಆಡಿ ಬೆಳೆದವಳ ಮುಂದೆ, ಗಿಡುಗನ ಮುಂದೆ ಹಾರಾಟ ತೋರಿಸಿದ ಹಾಗೆ, ಈ ಆಟ ಹೂಡಿದ್ದ. ಮಗಳು ಎಲ್ಲವನ್ನೂ ಹೊರಗೆ ತೆಗೆದಳು. ಬೋರಲು ಹಾಕಲಿಲ್ಲ, ಎರಡೂ ಕೈಯಲ್ಲಿ ಒಂದೊಂದನ್ನೇ ಎತ್ತಿ ನೆಲದ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಮೊದಲಿನಿಂದ ಶುರುಮಾಡಿದಳು. ಪುಸ್ತಕಗಳು ತಳಕ್ಕೆ, ಬೆನ್ನು ಹೊರಗೆ, ಇಟ್ಟಿಗೆಯಂತೆ. ಬಟ್ಟೆಗಳೆಲ್ಲ ಸುರುಳಿ, ಸುರುಳಿಗಳ ನಡುವಿನ ಸಂದಿಗೆ ಒಳಉಡುಪು. ಕಂಪಾಸ್ ಡಬ್ಬಿ ಊಟದ ಡಬ್ಬಿಯ ಒಳಗೆ. ಅಂಗೈಯ ಬುಡದಿಂದ ಒತ್ತಿ, ಅರೆಗಳಿಗೆ ಬಿಟ್ಟು, ಮತ್ತೆ ಒತ್ತುವುದು. ಬಟ್ಟೆ ಉಸಿರು ಬಿಡಬೇಕು ಎಂದು ಅವನು ಹೇಳುತ್ತಿದ್ದ ಮಾತನ್ನು ಅವಳ ಕೈ ಮಾತಿಲ್ಲದೆ ಮಾಡುತ್ತಿತ್ತು. ಆ ಕೈ ತನ್ನದೇ ಎನ್ನಿಸಿ ಅವನು ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇಷ್ಟರ ನಡುವೆಯೂ, ನಾಚಿಕೆಗೇಡು, ಅವನ ಒಳಗೆ ಯಾವನೋ ಒಬ್ಬ ಕೆಲಸಗಾರ ತಲೆದೂಗುತ್ತಿದ್ದ: ಭೇಷ್, ಆ ಮೂಲೆ ನನಗೂ ಹೊಳೆದಿರಲಿಲ್ಲ. ಅವಳು ಬಿಳಿಯ ಕಾಲುಚೀಲದ ಒಂದು ಜೋಡಿ ಎತ್ತಿಕೊಂಡಳು.

"ಆ ವಾಚು," ಎಂದ ಅವನು.

ಮಗಳ ಕೈ ನಿಲ್ಲಲಿಲ್ಲ.

"ಹಲ್ಲಿನ ಡಾಕ್ಟರ ಮನೇದು. ಅದು... ಅದನ್ನ ಶೂ ಒಳಗೆ ಇಟ್ಟಿದ್ದು ನಾನೇ."

"ಗೊತ್ತು."

"ಯಾರು ಹೇಳಿದ್ರು?"

"ಅವಳೇ ಫೋನ್ ಮಾಡಿದ್ಳು, ಡಾಕ್ಟರ ಮಗಳು. ವಾಚ್ ಸಿಕ್ಕಿದ ದಿನಾನೇ. ಸಾರಿ ಕಣೇ, ನಕ್ಬಿಟ್ಟೆ ಅಂದ್ಳು." ಕಾಲುಚೀಲಗಳನ್ನು ಉಂಡೆ ಮಾಡಿ ಶೂವಿನೊಳಗೆ ಇಳಿಸಿದಳು. "ಅಮ್ಮನ ಫೋನಿಗೆ ಮಾಡಿದ್ದು. ಅಮ್ಮನಿಗೂ ಗೊತ್ತು."

ಹೊರಗೆ ಹೆಂಡತಿ ಬಕೆಟ್ಟನ್ನು ತೊಳೆಯುತ್ತಿದ್ದ ಸದ್ದು ಬರುತ್ತಿತ್ತು. ಎರಡೂವರೆ ವರ್ಷ ಈ ಮೂರು ಕೋಣೆಯ ಮನೆಯಲ್ಲಿ ತಾನೊಬ್ಬನೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದ ಗುಟ್ಟು ಊಟದ ಹೊತ್ತಿನಲ್ಲಿ, ಟಿವಿಯ ಮುಂದೆ, ಹಬೆಯಾಡುವ ಬಟ್ಟೆಗಳ ನಡುವೆ, ಮೂವರ ನಡುವೆಯೂ ಕೂತಿತ್ತು. ಉಳಿದಿಬ್ಬರು ಅದಕ್ಕೆ ಜಾಗ ಬಿಟ್ಟು ನಡೆದಾಡಿದ್ದರು. ಅವನು ಕೇಳಿದ, "ಮತ್ತೆ ಒಂದು ಮಾತೂ ಕೇಳಲಿಲ್ಲವಲ್ಲ ನೀನು?"

"ನಿಮ್ಮಪ್ಪ ತಾವಾಗೇ ಹೇಳ್ತಾರೆ, ಸ್ವಲ್ಪ ದಿನ ತಡಿ ಅಂದ್ಳು ಅಮ್ಮ. ತಡೆದೆ." ಅವಳು ಎರಡನೇ ಶೂ ತುಂಬಿದಳು. "ಪರೀಕ್ಷೆ ಹೊತ್ತಿಗೆ ಹೇಳ್ತಾರೇನೋ ಅಂತ ನೋಡ್ದೆ. ರಿಸಲ್ಟ್ ದಿನ ಹೇಳ್ತಾರೇನೋ ಅಂದ್ಕೊಂಡೆ. ಆಮೇಲೆ ನೋಡೋದು ಬಿಟ್ಟೆ."

"ಹೇಳ್ಬೇಕು ಅಂತಲೇ ಇದ್ದೆ ಮಗಳೇ."

"ಈಗ ಹೇಳಿದ್ರಲ್ಲ." ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ತನಗಾಗಿ ಏನಾದರೂ ಇದೆಯೇ ಎಂದು ಅವನು ಹುಡುಕಿದ. ದ್ವೇಷವಿದ್ದಿದ್ದರೂ ಆಗುತ್ತಿತ್ತು. ಅಲ್ಲಿ ಇದ್ದದ್ದು ಕೌಂಟರಿನ ಆಚೆ ಕೂತವರು ತಡವಾಗಿ ಬಂದ ಅರ್ಜಿಯನ್ನು ತೆಗೆದುಕೊಳ್ಳುವಾಗಿನ ಸೌಜನ್ಯ. "ಆ ದಾರ ಕೊಡಿ ಅಪ್ಪ. ಕನ್ನಡಿಗೆ ಸುತ್ತಬೇಕು."

ಅವನು ದಾರ ಕೊಟ್ಟ. ಹಿಡಿದುಕೊಳ್ಳಿ ಎಂದಲ್ಲಿ ಹಿಡಿದುಕೊಂಡ, ಬೆರಳು ತೆಗೀರಿ ಎಂದಾಗ ತೆಗೆದ. ಮೂವತ್ತಾರು ಹಿಡಿಸಿದವು. ಮೇಲೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಅದಕ್ಕೆ ಅವಳು ಮೂವತ್ತೇಳನೆಯದಾದ ಉಣ್ಣೆಯ ಟೊಪ್ಪಿಯನ್ನು ಚಪ್ಪಟೆ ಮಾಡಿ ಹಾಸಿ ಮುಚ್ಚಳ ಇಳಿಸಿದಳು. ಚಿಲಕ ಒಂದೇ ಸಲಕ್ಕೆ ಕೂತಿತು. ಮೇಲೆ ಕೂತು ಒತ್ತಲು ಸಿದ್ಧನಾಗಿ ಮುಂದೆ ಬಂದಿದ್ದ ಅವನು ಅಲ್ಲೇ ನಿಂತ. ಆಗಿನ್ನೂ ಹನ್ನೆರಡೂವರೆ. ಊಟದ ಹೊತ್ತಿಗೆ ಮೂವರೂ ಬಸ್ಸಿನ ಬಗ್ಗೆ ಮಾತಾಡಿದರು. ಕಿಟಕಿಯ ಸೀಟು ಯಾವ ಕಡೆ ಸಿಕ್ಕರೆ ಬಿಸಿಲು ಬೀಳುವುದಿಲ್ಲ ಎನ್ನುವುದನ್ನು ಅವನು ವಿವರವಾಗಿ ಹೇಳಿದ, ಎರಡು ಸಲ. ಹೆಂಡತಿ ಅವನ ತಟ್ಟೆಗೆ ಕೇಳದೆಯೇ ಇನ್ನಷ್ಟು ಬಡಿಸಿದಳು. ಅವಳು ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು ಎಂದು ಅದರಿಂದ ಗೊತ್ತಾಯಿತು.

ಉದ್ದಣ್ಣ ಮೂರಕ್ಕೆ ಹತ್ತು ನಿಮಿಷವಿರುವಾಗಲೇ ಬಂದು ಹಾರ್ನ್ ಹೊಡೆದ. ಟ್ರಂಕಿನ ಒಂದು ಹಿಡಿ ಅವನು, ಒಂದು ಹಿಡಿ ಉದ್ದಣ್ಣ. ಎತ್ತಿದ ಕೂಡಲೇ ಉದ್ದಣ್ಣ ಹುಬ್ಬು ಹಾರಿಸಿ, "ಒಂದಿಷ್ಟೂ ಅಲ್ಲಾಡ್ತಿಲ್ವಲ್ಲಯ್ಯ! ಮಗಳಿಗೆ ಅಂತ ಕೈಚಳಕ ಎಲ್ಲ ಸುರಿದಿದೀಯ," ಎಂದ. ಅವನು ಹಿಡಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ವ್ಯಾನಿನ ಮುಂದೆ ಚಾಲಕನ ಪಕ್ಕ ಇಬ್ಬರಿಗೆ ಮಾತ್ರ ಜಾಗವಿತ್ತು.

"ನೀವೂ ಬರೋದಾದ್ರೆ ನಾನು ಹೇಗಾದ್ರೂ ಒತ್ತಿಕೊಂಡು ಕೂತ್ಕೋತೀನಿ," ಎಂದಳು ಹೆಂಡತಿ, ಮಗಳ ಕಡೆ ನೋಡುತ್ತ.

"ಬೇಡ ಬಿಡಿ, ಸುಮ್ನೆ ತೊಂದರೆ," ಎಂದಳು ಮಗಳು. "ಹೋಗಿ ಬರ್ತೀನಿ ಅಪ್ಪ."

ಯಾರು ಹೊರಟರೂ ಹಾಗೆಯೇ ಅನ್ನುತ್ತಾರೆ. ಸಾಮಾನು ಲಾರಿಗೇರಿಸಿ ಇನ್ನು ಈ ಊರಿನ ಮುಖ ನೋಡದವರೂ ಪಕ್ಕದ ಮನೆಯವರಿಗೆ ಹೋಗಿ ಬರ್ತೀವಿ ಎಂದೇ ಹೇಳಿ ಹತ್ತುತ್ತಾರೆ. ಅವನು ಹ್ಞೂಂ ಎಂದ. ಉದ್ದಣ್ಣ ಹಿಂಬಾಗಿಲು ಹಾಕಿ, ಚಾಲಕನ ಸೀಟಿಗೆ ಹತ್ತಿ, ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಕಿಟಕಿಯಲ್ಲಿ ತಲೆ ಹೊರಹಾಕಿ ಕೂಗಿದ, "ಏನಯ್ಯ, ಕೊನೇ ಸುತ್ತು ಆಯ್ತಾ? ನೋಡ್ಬಾ ಒಂದ್ಸಲ, ಏನಾದ್ರೂ ಉಳಿದಿದ್ರೆ!"

ಲಾರಿ ಹೊರಡುವ ಮುಂಚೆ ಖಾಲಿ ಮನೆಯನ್ನು ಒಬ್ಬ ಒಮ್ಮೆ ಸುತ್ತಿ ಬರಬೇಕು, ಅದು ಕಂಪನಿಯ ನಿಯಮ. ಏನಾದರೂ ಸಿಕ್ಕೇ ಸಿಗುತ್ತದೆ. ಕೂದಲ ಪಿನ್ನು, ಗುಂಡಿ, ಮಗುವಿನ ಬಣ್ಣದ ಪೆನ್ಸಿಲ್ಲು. ಅದನ್ನು ಹಿಡಿದುಕೊಂಡು ಓಡಿಬಂದರೆ ಹೊರಟವರು ಗಾಡಿಯಿಂದ ಕೈ ಚಾಚಿ, ಅಯ್ಯೋ ಇದಾ, ಎಂದು ನಗುತ್ತಾರೆ. ಅವನು ಒಳಗೆ ಹೋದ. ಬೇಗ ಬೇಗ ಹೋದ. ಗೋಡೆಯ ಹಲಗೆಯ ಮೇಲೆ ಉದ್ದಕ್ಕೂ ಕೈಯಾಡಿಸಿದ. ಬಾಗಿಲ ಹಿಂದೆ ನೋಡಿದ. ಮೇಜಿನ ಎರಡೂ ಖಾನೆಗಳನ್ನು ಪೂರ್ತಿ ಹೊರಗೆ ಎಳೆದು, ಖಾನೆಯ ಹಿಂದಿನ ಸಂದಿಗೆ ಬೆರಳು ಹಾಕಿದ, ಜನ ಅಲ್ಲಿ ನೋಡುವುದಿಲ್ಲ, ಚೀಟಿ ಗೀಟಿ ಬಿದ್ದಿರುವುದು ಅಲ್ಲೇ. ಕಿಟಕಿಯ ಚೌಕಟ್ಟು ನೋಡಿದ. ಹಾಸಿಗೆ ಇಲ್ಲದ ಮಂಚವನ್ನು ಗೋಡೆಯಿಂದ ಸರಿಸಿ, ಮಂಡಿಯೂರಿ, ಮೊಣಕೈವರೆಗೆ ತೋಳು ತೂರಿಸಿ ಮೂಲೆ ತಡವಿದ. ಒಂದು ಪಿನ್ನು ಸಿಕ್ಕಿದ್ದರೂ ಸಾಕಿತ್ತು. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯಾಗಿತ್ತು, ಇನ್ನೂ ತಣ್ಣಗಿತ್ತು. ಅವನಿಗಿಂತ ಮೊದಲೇ ಅವಳು ಕೊನೆಯ ಸುತ್ತು ಮುಗಿಸಿದ್ದಳು. ಹೊರಗೆ ಹಾರ್ನ್ ಆಯಿತು, ಒಮ್ಮೆ, ಆಮೇಲೆ ಇನ್ನೊಮ್ಮೆ.

"ಏನೂ ಇಲ್ಲ!" ಎಂದು ಅವನು ಮಂಡಿಯ ಮೇಲಿದ್ದುಕೊಂಡೇ ಕೂಗಿದ, ಬೇರೆಯವರ ಮನೆಗಳಲ್ಲಿ ಕೂಗುವ ಅದೇ ಗಟ್ಟಿ ದನಿಯಲ್ಲಿ. "ಎಲ್ಲಾ ಬಂದಿದೆ, ಹೊರಡಿ!"